ನಾಲ್ಕನೆಯ ಮಹಡಿಯ ಮರಳು

ಜೂನ್ ತಿಂಗಳ ಜಿಟಿಜಿಟಿಯಲ್ಲಿ
ನಮ್ಮ ಮನೆಯ ಗೋಡೆ ಬೆವರುತ್ತದೆ.
ಫ್ರಿಜ್ಜಿನ ಹಿಂದೆ ಬಿಳಿ ಹುಡಿ ಅರಳಿತ್ತು.
ಬೆರಳಲ್ಲಿ ತೆಗೆದು ನಾಲಿಗೆಗಿಟ್ಟೆ.
ಹನಾಎ ನೋಡಿದಳು, ಏನೂ ಕೇಳಲಿಲ್ಲ.
ಉಪ್ಪು.

ಹತ್ತೊಂಬತ್ತು ವರ್ಷ ನಾನು ಮರಳುಹಡಗಿನಲ್ಲಿದ್ದೆ,
ಸೆತೊ ಒಳಗಡಲಿನಲ್ಲಿ, ಪಂಪಿನ ಪಕ್ಕ.
ಮಗು ತೆವಳಿ ಹೋಗುವಷ್ಟು ಅಗಲದ ಕೊಳವೆ
ಹನ್ನೆರಡು ಮಾರು ಇಳಿದು ತಳ ಹೀರುತ್ತಿತ್ತು.
ಮೊದಲು ನೀರು, ಆಮೇಲೆ ರಾಡಿ, ಆಮೇಲೆ
ನುಚ್ಚಕ್ಕಿಯಂಥ ಮರಳು ಧೋ ಎಂದು ಸುರಿಯುವ ಸದ್ದು.
ನಮಗೆ ಸಂಬಳ ಆ ಸದ್ದಿಗೆ.

ಬೇಸಿಗೆಯ ಮರಳಲ್ಲಿ ಬೇರೇನೋ ಮಿನುಗುತ್ತಿತ್ತು.
ಇಕನಾಗೊ.
ಬೆರಳುದ್ದ, ಚೂಪುಮೂತಿ, ಬೆಳ್ಳಿದಾರದ ತುಂಡು.
ನೀರು ಬಿಸಿಯೇರಿದರೆ ಅದು ಎಲ್ಲಿಗೂ ಓಡುವುದಿಲ್ಲ;
ತಲೆ ಮುಂದಾಗಿ ಮರಳಿಗೆ ಹೊಕ್ಕು
ಡಿಸೆಂಬರಿನ ತನಕ ಉಣ್ಣದೆ ಮಲಗುತ್ತದೆ,
ಮೈಯ ಕೊಬ್ಬನ್ನೇ ಬುತ್ತಿ ಕಟ್ಟಿಕೊಂಡು.
ನಮ್ಮ ಡೆಕ್ಕಿನ ಮೇಲೆ ಅದಕ್ಕೆ ಎಚ್ಚರವಾಗುತ್ತಿತ್ತು.
ಮತ್ತೆ ಹೂತುಕೊಳ್ಳಲೆಂದು ಕಬ್ಬಿಣಕ್ಕೆ ಮೂತಿ ತಿವಿಯುತ್ತಿತ್ತು,
ಟಿಕ್, ಟಿಕ್.
ಮಳೆಹನಿ ಎಂದುಕೊಂಡಿದ್ದೆ, ಮೊದಲ ವರ್ಷ.
ಪೊರಕೆಯಿತ್ತು. ಗುಡಿಸುತ್ತಿದ್ದೆ.

ಮಾವ ಗೆನ್ಸಾಕು ಅಬಿಹಕ್ಕಿಯ ಬೆಸ್ತ.
ಚಳಿಗೆ ಉತ್ತರದಿಂದ ಬಂದ ಹಕ್ಕಿಗಳು
ಇಕನಾಗೊ ಹಿಂಡನ್ನು ಸುತ್ತುಗಟ್ಟಿ ಕೆಳಗೊತ್ತಿದರೆ
ಅಡಿಯಲ್ಲಿ ಕೆಂಪು ತೈ ಮೀನು ಬಾಯಿ ತೆರೆದು ಕಾಯುತ್ತಿತ್ತು.
ಮಾವ ಸದ್ದಿಲ್ಲದೆ ಹುಟ್ಟು ಹಾಕಿ
ಒಂದೇ ಒಂದು ಗಾಳ ಇಳಿಬಿಡುತ್ತಿದ್ದ.
ಹಕ್ಕಿ ಬೆದರೀತೆಂದು ಕೆಮ್ಮನ್ನೂ ನುಂಗುತ್ತಿದ್ದನಂತೆ.
ನಮ್ಮ ಮದುವೆಯ ದಿನ ನನ್ನ ಕೈ ಹಿಡಿದು,
ಉಗುರುಸಂದಿಯ ಮರಳು ನೋಡಿ,
'ಇದು ಯಾರ ಹಾಸಿಗೆ?' ಎಂದ.
ನಾನು ನಕ್ಕೆ. ಅವನು ನಗಲಿಲ್ಲ.

ಒಂದು ಚಳಿಗಾಲ ಹನ್ನೊಂದು ಹಕ್ಕಿ ಬಂದವು.
ಮರುವರ್ಷ ಮೂರು.
ಆಮೇಲೆ ಮಾವ ದೋಣಿಯನ್ನು ಬೋರಲು ಹಾಕಿ
ಅದರ ಬೆನ್ನ ಮೇಲೆ ಈರುಳ್ಳಿ ಒಣಗಿಸಿದ.

ಎತ್ತಿದ್ದೆಲ್ಲ ಊರಾಯಿತು:
ಸೇತುವೆಯ ಕಾಲು, ಶಾಲೆ, ಹನಾಎ ಹೆತ್ತ ಆಸ್ಪತ್ರೆ,
ಐದು ಮಹಡಿಯ ಈ ಕಟ್ಟಡ, ನಾಲ್ಕನೆಯದರಲ್ಲಿ ನಾವು.
ಸುಳ್ಳೇಕೆ, ಬೆಚ್ಚಗಿದ್ದೆವು.
ಚಂಡಮಾರುತ ಬಂದಾಗ ಈ ಗೋಡೆಗೇ ಬೆನ್ನು ಕೊಟ್ಟು ಕೂತಿದ್ದೆವು.

ಈಗ ಕಾಯಿದೆಯಿದೆ. ಹಡಗು ಗುಜರಿಗೆ ಹೋಯಿತು.
ಹೊಂಡಗಳು ಮಾತ್ರ ಹಾಗೇ ಇವೆಯಂತೆ.
ಮುಳುಗಿ ನೋಡಿ ಬಂದ ಹುಡುಗ ಹೇಳಿದ:
ಬರೀ ಕಲ್ಲು, ಒಡೆದ ಚಿಪ್ಪು, ಕತ್ತಲೆ.
ಮೇಲೆ ಹೊಳೆಗಳಿಗೆಲ್ಲ ಅಣೆಕಟ್ಟು;
ಬೆಟ್ಟ ಕಳಿಸಿದ್ದು ಅಲ್ಲೇ ತಂಗಿದೆ.
ಮರಳು ಎಂಬುದು ಬರೀ ಹೆಸರು,
ಅದು ಮರಳುವುದಿಲ್ಲ.
ಅಲ್ಲಿಲ್ಲಿ ಉಳಿದ ದಿಬ್ಬದಲ್ಲಿ ಮಲಗಿದವಕ್ಕೂ
ನೀರು ಬೇಗ ಕಾಯುತ್ತದೆ, ತಡವಾಗಿ ಆರುತ್ತದೆ.
ನಿದ್ದೆ ಉದ್ದವಾಗಿದೆ,
ಬುತ್ತಿ ಸಣ್ಣದಾಗಿದೆ.

ಪ್ರತಿ ಮಾರ್ಚಿಗೆ ಅಕಾಶಿಯಿಂದ ನಾದಿನಿ ಡಬ್ಬಿ ಕಳಿಸುತ್ತಿದ್ದಳು:
ಸೋಯಾ, ಸಕ್ಕರೆ, ಶುಂಠಿಯಲ್ಲಿ ಬತ್ತಿಸಿದ ಮರಿ ಇಕನಾಗೊ,
ಕಂದಗೆ, ಸೊಟ್ಟಗೆ, ತುಕ್ಕು ಹಿಡಿದ ಮೊಳೆಗಳ ಹಾಗೆ.
ಅಡುಗೆಯ ಹೆಸರಲ್ಲೂ ಮೊಳೆಯೇ.
ಈ ಸಲ ಕಾಗದ ಬಂತು:
ಬಲೆ ಬಿಟ್ಟ ದಿನವೇ ಹಂಗಾಮು ಮುಗಿಯಿತಕ್ಕ,
ಬೆಲೆ ಕೇಳುವ ಹಾಗಿಲ್ಲ.
ದೊಡ್ಡ ಪಾತ್ರೆ ತೊಳೆದು ಅಟ್ಟಕ್ಕಿಟ್ಟೆ.

ಇವತ್ತು ಫ್ರಿಜ್ಜಿನ ಹಿಂದೆ ಗಾರೆಯ ಹೆಕ್ಕಳೆ ಉದುರಿತು.
ಒಳಗೆ ಸರಳುಗಳು ಕಂಡವು,
ಕಂದಗೆ, ಸೊಟ್ಟಗೆ.
ಹನಾಎ ಕೈಯೊರಸುತ್ತ ಬಂದು ಬಗ್ಗಿ ನೋಡಿದಳು,
ಬಹಳ ಹೊತ್ತು ನೋಡಿದಳು.
'ಶುಂಠಿ ಒಂದು ಕಡಿಮೆ' ಎಂದಳು.

ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತೇನೆ.
ಒಳಗೆಲ್ಲೋ ಟಿಕ್ ಎನ್ನುತ್ತದೆ.
ಹೊರಗೆ ಆಕಾಶ ನಿಚ್ಚಳವಿದೆ.
ಮಳೆಹನಿ ಎಂದುಕೊಳ್ಳುತ್ತೇನೆ,
ಮೊದಲ ವರ್ಷದ ಹಾಗೆ.